ವ್ಯಾಪಾರ ಸಂಬಂಧದಲ್ಲಿ ಹೂವಿನ ಉಡುಗೊರೆ: ಮಂಕಿ ಮತ್ತು ಸುತ್ತಲಿನ ಕರಾವಳಿ

ಅಂಗಡಿಕಾರ ಮತ್ತು ಗಿರಾಕಿ, ಬೆಳೆಗಾರ ಮತ್ತು ಮಂಡಿಯವರು, ದೋಣಿ ಮಾಲೀಕ ಮತ್ತು ಮೀನು ಕೊಳ್ಳುವವರು, ಸಾಲ ಕೊಟ್ಟವರು ಮತ್ತು ಪಡೆದವರು, ಇವರ ನಡುವಿನ ವಿಶ್ವಾಸವನ್ನು ಕಟ್ಟಲು, ಉಳಿಸಿಕೊಳ್ಳಲು, ಕೆಲವೊಮ್ಮೆ ಕೆಟ್ಟದ್ದನ್ನು ಸರಿಪಡಿಸಲು ಹೂ ಕೊಡುವ ರೂಢಿ ಕರ್ನಾಟಕದ ಕರಾವಳಿಯಲ್ಲಿ ಹಳೆಯದು. ನಗರದ ಕಚೇರಿಗಳಲ್ಲಿ ಇದು ಬೊಕೆಯ ರೂಪ ತಾಳಿದೆ. ಮಂಕಿ, ಹೊನ್ನಾವರ, ಭಟ್ಕಳ, ಕುಮಟಾದಂಥ ಊರುಗಳಲ್ಲಿ ಹೂ ಒಂಟಿಯಾಗಿ ಬರುವುದು ಕಡಿಮೆ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಪ್ರಸಾದ ಅಥವಾ ಸಿಹಿಯ ಜೊತೆಗೂಡಿ ಅದು ಕೈಯಿಂದ ಕೈಗೆ ದಾಟುತ್ತದೆ. ಸಂಜೆಗೆ ಬಾಡುವ ವಸ್ತು ಇದು. ಕೂಡಿಡಲಾಗದು, ಮರುದಿನ ಮಾರಲಾಗದು, ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟು ಬೆಲೆಯದೂ ಅಲ್ಲ. ಆದ್ದರಿಂದಲೇ ಪಡೆದವರ ಮೇಲೆ ಅದು ಋಣದ ಹೊರೆ ಹೊರಿಸುವುದಿಲ್ಲ. ವ್ಯಾಪಾರದ ಉಡುಗೊರೆಯಾಗಿ ಹೂವಿನ ಶಕ್ತಿ ಇರುವುದು ಈ ಗುಣದಲ್ಲಿ.

ನೆಲೆ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಮಂಕಿ, ಶರಾವತಿ ಕಡಲು ಸೇರುವ ಹೊನ್ನಾವರಕ್ಕೂ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರಕ್ಕೂ ನಡುವೆ ಇದೆ. ಈಗ ಪಟ್ಟಣ ಪಂಚಾಯಿತಿ. ರಾಷ್ಟ್ರೀಯ ಹೆದ್ದಾರಿ 66 ಊರಿನ ಮೂಲಕ ಹಾದುಹೋಗುತ್ತದೆ. 1998ರ ಜನವರಿಯಲ್ಲಿ ಪೂರ್ತಿಯಾಗಿ ಓಡಾಟಕ್ಕೆ ತೆರೆದುಕೊಂಡ ಕೊಂಕಣ ರೈಲು ಮಾರ್ಗದಲ್ಲಿ ಮಂಕಿಗೆ ತನ್ನದೇ ನಿಲ್ದಾಣವಿದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟದ ತಪ್ಪಲು, ನಡುವೆ ತೆಂಗು, ಅಡಿಕೆ, ಭತ್ತದ ಗದ್ದೆ, ಮನೆಯ ಹಿತ್ತಿಲು.

ನಾಮಧಾರಿಗಳು, ಗೊಂಡರು, ಖಾರ್ವಿಗಳು, ಹವ್ಯಕರು, ದೈವಜ್ಞರು, ಗೌಡ ಸಾರಸ್ವತರು, ನವಾಯತ ಮುಸ್ಲಿಮರು, ಕ್ರೈಸ್ತರು ಈ ಕರಾವಳಿ ಪಟ್ಟಿಯುದ್ದಕ್ಕೂ ಅಕ್ಕಪಕ್ಕದಲ್ಲಿ ಬದುಕುತ್ತಾರೆ. ಮೀನು ಒಬ್ಬರದಾದರೆ ಕಿರಾಣಿ ಇನ್ನೊಬ್ಬರದು, ಬಂಗಾರದ ಕೆಲಸ ಮತ್ತೊಬ್ಬರದು, ಬಟ್ಟೆ ಅಂಗಡಿ ಮಗದೊಬ್ಬರದು. ಒಬ್ಬರ ವ್ಯಾಪಾರ ಇನ್ನೊಬ್ಬರ ಗಿರಾಕಿತನವಿಲ್ಲದೆ ನಡೆಯದು. ಭಾಷೆ, ಊಟ, ಪೂಜೆ ಬೇರೆ ಬೇರೆಯಾದ ಜನ ಒಂದೇ ಸಂತೆಯಲ್ಲಿ ಸೇರುವಾಗ ಎಲ್ಲರೂ ಕೈನೀಡಿ ತೆಗೆದುಕೊಳ್ಳಬಹುದಾದ ಒಂದು ವಸ್ತು ಬೇಕಾಗುತ್ತದೆ. ಸಸ್ಯಾಹಾರ, ಮಾಂಸಾಹಾರ, ಉಪವಾಸಗಳ ಕಟ್ಟಳೆಗಳು ಹೂವಿಗಿಲ್ಲ.

ಚರಿತ್ರೆ

ಈ ಜಿಲ್ಲೆಯ ಹೂವಿನ ಕೀರ್ತಿ 10ನೆಯ ಶತಮಾನದಷ್ಟು ಹಿಂದಿನದು. ಪಂಪ 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿ ನಾಡನ್ನು ನೆನಪಿಗೆ ತರುವ ಸಂಗತಿಗಳಲ್ಲಿ ಅರಳಿದ ಮಲ್ಲಿಗೆಯನ್ನೂ ಎಣಿಸಿದ್ದಾನೆ. ಬನವಾಸಿ ಇಂದಿನ ಶಿರಸಿ ತಾಲ್ಲೂಕಿನಲ್ಲಿದೆ.

ಮಧ್ಯಕಾಲದ ಕನ್ನಡ ಶಾಸನಗಳಲ್ಲಿ ದೇವಾಲಯದ ನಂದಾದೀವಿಗೆಗೆ, ನೈವೇದ್ಯಕ್ಕೆ, ಹೂದೋಟಕ್ಕೆ ಬಿಟ್ಟ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ದತ್ತಿ ಬಿಟ್ಟವರಲ್ಲಿ ಅರಸರು, ಅಧಿಕಾರಿಗಳ ಜೊತೆ ವರ್ತಕರೂ ಇದ್ದರು. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ತಮ್ಮ ಸರಕಿನ ಮೇಲೆ ಇಂತಿಷ್ಟು ಎಂದು ದೇವರಿಗೆ ಬಿಡುತ್ತಿದ್ದವು. ಪರವೂರಿನ ವ್ಯಾಪಾರಿ ಊರ ದೇವರಿಗೆ ಹೂವು ದೀಪ ನಡೆಸಿದರೆ ಆ ಊರಿನ ವಿಶ್ವಾಸಕ್ಕೆ ಪಾತ್ರನಾಗುತ್ತಿದ್ದ. ಭಟ್ಕಳದಲ್ಲಿ 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯ ಅದನ್ನು ಕಟ್ಟಿಸಿದ ವರ್ತಕನ ಹೆಸರನ್ನೇ ಹೊತ್ತು ನಿಂತಿದೆ.

ಹೂವು, ವೀಳ್ಯ ಮತ್ತು ವ್ಯವಹಾರದ ನಂಟಿಗೆ ಅತ್ಯಂತ ಸ್ಪಷ್ಟ ಸಾಕ್ಷ್ಯ ವಿಜಯನಗರದ್ದು. ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಎರಡನೆಯ ದೇವರಾಯನ ರಾಜಧಾನಿಗೆ ಬಂದ. ನಗರದಲ್ಲಿ ಗುಲಾಬಿ ಮಾರುವವರು ಎಲ್ಲೆಲ್ಲೂ ಇದ್ದರೆಂದೂ ಅಲ್ಲಿನ ಜನಕ್ಕೆ ಹೂ ಅನ್ನದಷ್ಟೇ ಅಗತ್ಯವೆಂದೂ ಅವನು ಬರೆದಿದ್ದಾನೆ. ಅರಸನ ಭೇಟಿಯಾದಾಗ ಅವನಿಗೆ ವೀಳ್ಯ, ಕರ್ಪೂರ, ಹಣ ಸಂದವು. ಮರಳುವಾಗ ಅವನು ಹಡಗು ಹತ್ತಿದ್ದು ಹೊನ್ನಾವರ ಬಂದರಿನಲ್ಲಿ. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಕೂಡ ಅಂಗಡಿ ಬೀದಿಗಳ ಗುಲಾಬಿಯನ್ನು ಗುರುತಿಸಿದ್ದಾನೆ. ಅರಬ್ ಕುದುರೆಗಳು ಹೊನ್ನಾವರ, ಭಟ್ಕಳ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದ ಕಾಲವದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸು ಇದೇ ಕರಾವಳಿಯಿಂದ ಹಡಗೇರಿತು.

19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನ ಮೂಲಕ ಮುಂಬಯಿಗೆ ಹೋಗುತ್ತಿದ್ದುದರಿಂದ ಅಲ್ಲಿನ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ಬಿತ್ತು. ದೂರದೂರಿನ ವರ್ತಕರು, ದಲಾಲರು, ಹಡಗಿನವರು, ಎತ್ತಿನಗಾಡಿಯವರು ಕೂಡುವ ಇಂಥ ಬಂದರುಗಳಲ್ಲಿ ಬರಹದ ಕರಾರಿಗಿಂತ ಮುಂಚೆ ಮುಖಪರಿಚಯ ಬೇಕಿತ್ತು.

ವೀಳ್ಯ, ಸಂಚಕಾರ, ಹೂ

ಕರಾವಳಿಯಲ್ಲಿ ವ್ಯವಹಾರ ಕುದುರಿದ್ದನ್ನು ತೋರಿಸುವ ಗುರುತುಗಳು ಮೂರು. ಮಾತಿಗೆ ಬದ್ಧರಾಗಲು ಮುಂಗಡವಾಗಿ ಕೊಡುವ ಹಣ ಸಂಚಕಾರ. ಒಪ್ಪಿಗೆಯನ್ನು ನಾಲ್ಕು ಜನರ ಎದುರು ಸಾರುವುದು ವೀಳ್ಯ. ಆ ಒಪ್ಪಿಗೆಗೆ ಸಂತೋಷ ಸೇರಿಸುವುದು ಹೂ. ಯಕ್ಷಗಾನ ಮೇಳವನ್ನು ಆಟಕ್ಕೆ ಗೊತ್ತುಮಾಡುವಾಗ ವೀಳ್ಯ ಕೊಡುವ ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. ಮಂಕಿಗೆ ಸಮೀಪದ ಇಡಗುಂಜಿಯ ಹೆಸರಿನಲ್ಲೇ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಯಕ್ಷಗಾನ ಮಂಡಳಿ ಕಟ್ಟಿದರು. ಆಟ ಆಡಿಸುವವರಿಗೂ ಮೇಳದವರಿಗೂ ನಡುವೆ ಇರುವುದು ಹಣದ ಕರಾರೇ. ವೀಳ್ಯ ಕೈಗೆ ಬಂದ ಮೇಲೆ ಮಾತ್ರ ಅದು ಮಾನದ ಕರಾರೂ ಆಗುತ್ತದೆ.

ಹೊಸ ವ್ಯಾಪಾರ ಆರಂಭಿಸುವ ಮುನ್ನ ದೇವರಲ್ಲಿ ಪ್ರಸಾದ ಕೇಳುವ ರೂಢಿ ಕರಾವಳಿ, ಮಲೆನಾಡಿನ ಹಲವು ದೇವಸ್ಥಾನಗಳಲ್ಲಿದೆ. ವಿಗ್ರಹದ ಮೇಲಿಟ್ಟ ಹೂವಿನ ಎಸಳು ಬಲಕ್ಕೆ ಬಿದ್ದರೆ ಒಪ್ಪಿಗೆ ಸಿಕ್ಕಿತೆಂದು ನಂಬುತ್ತಾರೆ. ಆ ಹೂವನ್ನು ತಂದು ಗಲ್ಲಾಪೆಟ್ಟಿಗೆಯಲ್ಲಿಡುತ್ತಾರೆ, ಪಾಲುದಾರರಿಗೂ ಒಂದು ಎಸಳು ಕೊಡುತ್ತಾರೆ. ಹೀಗೆ ಪಾಲುದಾರಿಕೆಯ ಮೊದಲ ಹಂಚಿಕೆ ಲಾಭದ್ದಲ್ಲ, ಪ್ರಸಾದದ್ದು.

ಸಂದರ್ಭಗಳು

ದೀಪಾವಳಿಯ ಅಂಗಡಿ ಪೂಜೆ ವರ್ಷದ ಮುಖ್ಯ ಸಂದರ್ಭ. ಅಂಗಡಿ ತೊಳೆದು, ಬಾಗಿಲಿಗೆ ಮಾವಿನ ತೋರಣ ಮತ್ತು ಗೊಂಡೆ ಹೂವಿನ ಮಾಲೆ ಕಟ್ಟಿ, ತಕ್ಕಡಿ, ಗಲ್ಲಾಪೆಟ್ಟಿಗೆ, ಹೊಸ ಖಾತೆ ಪುಸ್ತಕಗಳಿಗೆ ಪೂಜೆ ಮಾಡುತ್ತಾರೆ. ಅಕ್ಕಪಕ್ಕದ ಅಂಗಡಿಯವರು, ಕಾಯಂ ಗಿರಾಕಿಗಳು, ಸರಕು ಪೂರೈಸುವವರು, ಹಮಾಲರು ಬಂದು ಹೂವು, ಪಂಚಕಜ್ಜಾಯ ಪಡೆದು ಹೋಗುತ್ತಾರೆ. ವರ್ಷವಿಡೀ ಪೈಪೋಟಿ ನಡೆಸಿದ ಎರಡು ಅಂಗಡಿಯವರು ಅಂದು ಪರಸ್ಪರರ ಬಾಗಿಲಿಗೆ ಹೋಗುವುದುಂಟು. ಉದ್ರಿ ಬಾಕಿ ಇರುವವರೂ ಅಂದು ಬರುತ್ತಾರೆ, ಆದರೆ ಪೂಜೆಯ ಹೊತ್ತಿನಲ್ಲಿ ಬಾಕಿಯ ಮಾತೆತ್ತುವುದು ಸಭ್ಯತೆಯಲ್ಲ.

ನವರಾತ್ರಿಯ ಆಯುಧಪೂಜೆಯಲ್ಲಿ ರಿಕ್ಷಾ, ಟೆಂಪೋ, ಬಸ್ಸು, ಗ್ಯಾರೇಜು, ಅಕ್ಕಿ ಗಿರಣಿ, ಮುದ್ರಣಾಲಯಗಳೆಲ್ಲ ಹೂ ಮುಡಿಯುತ್ತವೆ. ದಿನವೂ ಒಂದೇ ರಿಕ್ಷಾದಲ್ಲಿ ಹೋಗುವ ಅಂಗಡಿಯವರು ಆ ರಿಕ್ಷಾಕ್ಕೊಂದು ಹಾರ ಕೊಡುತ್ತಾರೆ.

ಮೀನುಗಾರಿಕೆಯಲ್ಲಿ ಹೂವಿನ ಕಾಲ ಮಳೆಯ ಅಬ್ಬರ ಇಳಿದಾಗ ಬರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಅದು ಮುಗಿದು ದೋಣಿ ಕಡಲಿಗಿಳಿಯುವಾಗ, ಶ್ರಾವಣದ ನೂಲು ಹುಣ್ಣಿಮೆಯ ಸಮುದ್ರ ಪೂಜೆಯಲ್ಲಿ, ತೆಂಗಿನಕಾಯಿಯ ಜೊತೆ ಹೂವನ್ನು ಕಡಲಿಗೆ ಅರ್ಪಿಸುತ್ತಾರೆ, ದೋಣಿಗೆ ಹಾರ ಹಾಕುತ್ತಾರೆ. ಮಾಲೀಕ, ದೋಣಿ ನಡೆಸುವ ತಾಂಡೇಲ, ಬಲೆಯ ಕೆಲಸದವರು, ಐಸ್ ಪೂರೈಸುವವರು, ಮೀನು ಕೊಳ್ಳುವವರು ಒಟ್ಟಿಗೆ ನಿಲ್ಲುವುದು ಆಗ. ಎರಡು ತಿಂಗಳು ಆದಾಯವಿಲ್ಲದೆ ಕಳೆದವರು ಮತ್ತೆ ಒಬ್ಬರನ್ನೊಬ್ಬರು ನಂಬಿ ಕೆಲಸಕ್ಕಿಳಿಯುವ ದಿನವಾದ್ದರಿಂದ ಆ ಹೂವಿಗೆ ತೂಕ ಹೆಚ್ಚು.

ಅಂಗಡಿ ಉದ್ಘಾಟನೆ, ಬ್ಯಾಂಕು ಅಥವಾ ಸಹಕಾರ ಸಂಘದ ವಾರ್ಷಿಕ ಸಭೆ, ವರ್ಗವಾಗಿ ಹೋಗುವ ಶಾಖಾ ವ್ಯವಸ್ಥಾಪಕರ ಬೀಳ್ಕೊಡುಗೆ, ನಿವೃತ್ತಿ, ವ್ಯಾಪಾರಿಯ ಮನೆಯ ಮದುವೆ ಇತರ ಸಂದರ್ಭಗಳು. ಸಾವಿನ ಮನೆಗೆ ಹೂ ಒಯ್ಯುವುದೂ ಇದರಲ್ಲೇ ಸೇರುತ್ತದೆ. ದೀರ್ಘಕಾಲದ ಗಿರಾಕಿ ತೀರಿಕೊಂಡಾಗ ಅಂಗಡಿಯವರು ಹಾರ ಹಿಡಿದು ಬಂದದ್ದನ್ನು ಆ ಮನೆಯವರು ಎಷ್ಟೋ ವರ್ಷ ನೆನೆಯುತ್ತಾರೆ.

ಬಳಕೆಯ ಹೂಗಳು

ಮಲ್ಲಿಗೆ ಮೊದಲನೆಯದು. ಭಟ್ಕಳದ ಹೆಸರಿನಿಂದಲೇ ಗುರುತಾಗುವ ಮಲ್ಲಿಗೆ ಈ ಭಾಗದ ಹಿತ್ತಿಲ ಬೆಳೆ. ಅದು ಉಡುಪಿ ಜಿಲ್ಲೆಯ ಶಂಕರಪುರ ಮಲ್ಲಿಗೆಯ ಹತ್ತಿರದ ನಂಟು. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿವೆ. ಭಟ್ಕಳದ ನವಾಯತರ ಮದುವೆಗಳಲ್ಲೂ ಹಿಂದೂಗಳ ಮದುವೆಗಳಲ್ಲೂ ಮಲ್ಲಿಗೆಗೆ ಒಂದೇ ಬಗೆಯ ಬೇಡಿಕೆ.

ಅಬ್ಬಲಿಗೆ ವಾಸನೆಯಿಲ್ಲದ ಕಿತ್ತಳೆ ಬಣ್ಣದ ಹೂ. ಬೇಗ ಬಾಡದಿರುವುದರಿಂದ ಮಲ್ಲಿಗೆಯ ಜೊತೆ ಹೆಣೆಯುತ್ತಾರೆ. ಗೊಂಡೆ ಮತ್ತು ಸೇವಂತಿಗೆ ಹೆಚ್ಚಾಗಿ ಘಟ್ಟದ ಮೇಲಿನ ಬಯಲುಸೀಮೆಯಿಂದ ಇಳಿದು ಬರುತ್ತವೆ. ಹಾರಕ್ಕೆ, ತೋರಣಕ್ಕೆ, ವಾಹನಕ್ಕೆ ಇವೇ ಬೇಕು. ಅಡಿಕೆಯ ಹೂಗೊಂಚಲಾದ ಸಿಂಗಾರ ಶುಭದ ಗುರುತು, ಅಡಿಕೆ ವ್ಯಾಪಾರಕ್ಕೆ ಸಂಬಂಧಿಸಿದ ಸಮಾರಂಭಗಳಿಗೆ ಅರ್ಥಪೂರ್ಣವಾಗಿ ಹೊಂದುತ್ತದೆ. ಸಂಪಿಗೆ, ಜಾಜಿ, ಬಕುಳ, ಕೇದಗೆ ಆಯಾ ಕಾಲಕ್ಕೆ ಬಂದು ಹೋಗುತ್ತವೆ.

ಸುರಗಿ ಇವೆಲ್ಲಕ್ಕಿಂತ ಭಿನ್ನ. ಕರಾವಳಿಯ ಮತ್ತು ಘಟ್ಟದ ಕಾಡುಗಳ ದೊಡ್ಡ ಮರದಲ್ಲಿ ಬೇಸಿಗೆಯ ಆರಂಭದಲ್ಲಿ ಬಿಡುವ ಈ ಹೂವನ್ನು ಮಾಲೆ ಮಾಡಿ ಒಣಗಿಸಿಡುತ್ತಾರೆ. ಒಣಗಿದ ಮೇಲೂ ಅದರ ಪರಿಮಳ ಬಹುಕಾಲ ಉಳಿಯುತ್ತದೆ. ಯು.ಆರ್. ಅನಂತಮೂರ್ತಿ ತಮ್ಮ ಆತ್ಮಕಥನಕ್ಕೆ ಇದೇ ಹೂವಿನ ಹೆಸರಿಟ್ಟರು. ಪರವೂರಿನಲ್ಲಿ ನೆಲೆಸಿದ ಕರಾವಳಿಯ ವ್ಯಾಪಾರಿಗೆ ಊರಿನಿಂದ ಬಂದ ಒಣ ಸುರಗಿಯ ಮಾಲೆಗಿಂತ ಆಪ್ತವಾದ ಕಾಣಿಕೆ ವಿರಳ.

ಬಾಡದ ಹಾರಗಳ ಬೇರೊಂದು ಪರಂಪರೆಯೂ ಕರ್ನಾಟಕದಲ್ಲಿದೆ. ಶ್ರೀಗಂಧದ ಚಕ್ಕೆಯಿಂದ ಮಾಡಿದ ಗಂಧದ ಹಾರ, ಹಾವೇರಿಯ ಏಲಕ್ಕಿ ಹಾರ ಸನ್ಮಾನಗಳಲ್ಲಿ ಪ್ರಸಿದ್ಧ. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಇವು ಗೌರವಕ್ಕೆ ಸಲ್ಲುತ್ತವೆ. ದಿನನಿತ್ಯದ ಸ್ನೇಹಕ್ಕೆ ಮಲ್ಲಿಗೆಯೇ ಸಲ್ಲುತ್ತದೆ.

ಹಿತ್ತಿಲಿನಿಂದ ಕೈಗೆ

ಮಲ್ಲಿಗೆಯನ್ನು ಅರಳುವ ಮುನ್ನ, ಮೊಗ್ಗಿರುವಾಗಲೇ ಬೆಳಗ್ಗೆ ಕೊಯ್ಯಬೇಕು. ಬಾಳೆಪಟ್ಟೆಯ ನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿದರೆ ಸಂಜೆಗೆ ಅರಳುತ್ತದೆ. ಕೊಯ್ಯುವುದು, ಕಟ್ಟುವುದು ಬಹುಪಾಲು ಹೆಂಗಸರ ಕೆಲಸ, ಆ ಹಣ ಅವರ ಕೈಸೇರುವ ದಿನದ ಆದಾಯ. ಪೇಟೆಯಲ್ಲಿ ಹೂವನ್ನು ಮೊಳ, ಮಾರುಗಳಲ್ಲಿ ಅಳೆಯುತ್ತಾರೆ. ಉಡುಪಿ ಕಡೆ ಲೆಕ್ಕ ಬೇರೆ. 800 ಹೂಗಳಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ.

ಬೇಸಿಗೆಯಲ್ಲಿ ಹೂ ಹೇರಳ, ಮಳೆಗಾಲದಲ್ಲಿ ವಿರಳ. ಮದುವೆಯ ಮುಹೂರ್ತಗಳು ಸೇರಿದ ದಿನ, ಶ್ರಾವಣದ ಹಬ್ಬಗಳ ಮುನ್ನಾದಿನ ಬೆಲೆ ಏರುತ್ತದೆ. 2020ರ ಲಾಕ್‌ಡೌನಿನಲ್ಲಿ ಮದುವೆ, ಜಾತ್ರೆ, ಸಾಗಾಟಗಳೆಲ್ಲ ನಿಂತು ಕರಾವಳಿಯ ಮಲ್ಲಿಗೆ ಬೆಳೆಗಾರರು ಕೊಯ್ಲಿನ ಕಾಲದಲ್ಲೇ ಮಾರುಕಟ್ಟೆ ಕಳೆದುಕೊಂಡರು. ಹೂವಿನ ವ್ಯಾಪಾರ ಎಷ್ಟರಮಟ್ಟಿಗೆ ಇತರರ ಸಂಭ್ರಮವನ್ನು ಅವಲಂಬಿಸಿದೆ ಎಂಬುದು ಆಗ ಕಂಡಿತು.

ಕರಾವಳಿಯ ಮಲ್ಲಿಗೆ ಬಸ್ಸು, ರೈಲು, ವಿಮಾನ ಹತ್ತಿ ಮುಂಬಯಿಗೂ ಕೊಲ್ಲಿ ದೇಶಗಳಿಗೂ ತಲುಪುತ್ತದೆ. ಭಟ್ಕಳ, ಮಂಕಿ ಭಾಗದ ಅನೇಕ ನವಾಯತ ಕುಟುಂಬಗಳ ವ್ಯಾಪಾರ ಮತ್ತು ಉದ್ಯೋಗ ದುಬೈ ಮೊದಲಾದ ನಗರಗಳಲ್ಲಿದೆ. ಅಲ್ಲಿನ ಕನ್ನಡಿಗರ, ಕೊಂಕಣಿಗರ ಸಮಾರಂಭಗಳಲ್ಲಿ ಊರಿನ ಮಲ್ಲಿಗೆ ಪರಿಚಯದ ಚೀಟಿಯಂತೆ ಕೆಲಸ ಮಾಡುತ್ತದೆ.

ಶಿಷ್ಟಾಚಾರ

ಹೂವನ್ನು ಬಲಗೈಯಲ್ಲಿ ಅಥವಾ ಎರಡೂ ಕೈಯಲ್ಲಿ ಕೊಡಬೇಕು, ಹಾಗೆಯೇ ಪಡೆಯಬೇಕು. ನೆಲಕ್ಕೆ ತಾಗಿದ ಹೂ ಉಡುಗೊರೆಗೆ ಬಾರದು. ಪೂಜೆಗೆಂದು ಒಯ್ಯುವ ಹೂವನ್ನು ದಾರಿಯಲ್ಲಿ ಮೂಸಬಾರದು. ಶಿವನ ಪೂಜೆಗೆ ಕೇದಗೆ ಸಲ್ಲದು. ಗಣಪತಿಗೆ ಗರಿಕೆ ಪ್ರಿಯ, ಇಡಗುಂಜಿಯ ಗಣಪತಿ ದೇವಸ್ಥಾನಕ್ಕೆ ಹೋಗುವವರು ಹೂವಿನೊಡನೆ ಗರಿಕೆಯನ್ನೂ ಒಯ್ಯುತ್ತಾರೆ. ಬದುಕಿರುವವರ ಚಿತ್ರಕ್ಕೆ ಹಾರ ಹಾಕುವುದು ಅಪಶಕುನ. ಆದ್ದರಿಂದ ಸಂಸ್ಥೆಯ ಕಾರ್ಯಕ್ರಮದಲ್ಲಿ ಸ್ಥಾಪಕರು ಜೀವಂತವಿದ್ದರೆ ಅವರಿಗೇ ಹಾರ ಹಾಕುತ್ತಾರೆ, ಫೋಟೋಕ್ಕಲ್ಲ.

ಮಲ್ಲಿಗೆ ದಂಡೆ ಮುಡಿಗೆ ಸಂಬಂಧಿಸಿದ್ದು, ಅದರಲ್ಲಿ ಸಲುಗೆಯ ಅರ್ಥವಿದೆ. ಹೀಗಾಗಿ ಗಂಡಸು ವ್ಯಾಪಾರದ ಪರಿಚಯದ ಹೆಂಗಸಿಗೆ ಅದನ್ನು ನೇರವಾಗಿ ಕೊಡುವುದಿಲ್ಲ. ಮನೆಯ ಹೆಂಗಸರ ಮೂಲಕ ಅರಿಸಿನ ಕುಂಕುಮದೊಡನೆ ಕೊಡಿಸುತ್ತಾರೆ, ಇಲ್ಲವೇ ಹೂಗುಚ್ಛ ಕೊಡುತ್ತಾರೆ.

ಇಲ್ಲೇ ಒಂದು ಗಾಯವೂ ಇದೆ. ಗಂಡ ತೀರಿಕೊಂಡ ಹೆಂಗಸರಿಗೆ ಹೂ ಕೊಡದೆ ಮುಂದಕ್ಕೆ ಸಾಗುವ ಹಳೆಯ ಕ್ರಮ ಅಂಗಡಿ ಪೂಜೆಯ ಬಾಗಿಲಲ್ಲೂ ನಡೆದುಬಂದಿದೆ. ಕಿರಾಣಿ, ಹೊಲಿಗೆ, ಮೀನು ಮಾರಾಟ, ಸ್ವಸಹಾಯ ಸಂಘಗಳನ್ನು ಇಂಥ ಎಷ್ಟೋ ಹೆಂಗಸರು ಮುನ್ನಡೆಸುತ್ತಾರೆ. ಸಂಬಂಧ ಬೆಸೆಯಬೇಕಾದ ಹೂವೇ ಅವರನ್ನು ನಾಲ್ಕು ಜನರ ಎದುರು ಹೊರಗಿಟ್ಟರೆ ಆ ಉಡುಗೊರೆ ಸೋತಂತೆ. ಬಂದವರೆಲ್ಲರಿಗೂ ಒಂದೇ ಹರಿವಾಣದಿಂದ ಹೂ ಕೊಡುವುದೇ ಸರಿಯಾದ ಕ್ರಮ.

ಅನ್ಯಧರ್ಮದ ಗಿರಾಕಿಗೆ ಪೂಜೆಯ ಪ್ರಸಾದದ ಹೂವಿಗಿಂತ ಬಿಡಿ ಹೂವನ್ನು, ಸಿಹಿಯನ್ನು ಕೊಡುವ ವಿವೇಕ ಹಳೆಯ ಅಂಗಡಿಕಾರರಿಗೆ ಹೇಳಿಕೊಡಬೇಕಾಗಿಲ್ಲ.

ಉಡುಗೊರೆಯ ತಿರುಳು

ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಉಡುಗೊರೆಗೆ ಮೂರು ಹೊಣೆಗಳಿವೆ ಎಂದ: ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು. ಬೆಲೆಬಾಳುವ ಉಡುಗೊರೆಯಲ್ಲಿ ಮೂರನೆಯದು ಭಾರವಾಗುತ್ತದೆ. ಹೂವಿನಲ್ಲಿ ಅದು ಹಗುರ. ಮುಂದಿನ ಹಬ್ಬಕ್ಕೆ ಅವರ ಅಂಗಡಿಗೆ ಹೋಗಿ ಬಂದರೆ ಸಾಕು. ಹೂ ಬಾಡುವುದರಿಂದ ಸಂಬಂಧವನ್ನು ವರ್ಷವರ್ಷವೂ ಹೊಸದಾಗಿ ನೆನೆಯಬೇಕಾಗುತ್ತದೆ. ಒಮ್ಮೆ ಕೊಟ್ಟ ಗೋಡೆ ಗಡಿಯಾರ ಹತ್ತು ವರ್ಷ ಗೋಡೆಯ ಮೇಲಿರುತ್ತದೆ, ಕೊಟ್ಟವರು ಮತ್ತೆ ಬಾರದಿದ್ದರೂ ನಡೆಯುತ್ತದೆ.

ಮನೋವಿಜ್ಞಾನದ ಸಾಕ್ಷ್ಯವೂ ಇದೆ. ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ಜೀನೆಟ್ ಹ್ಯಾವಿಲ್ಯಾಂಡ್-ಜೋನ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನಿರೀಕ್ಷಿತವಾಗಿ ಹೂಗುಚ್ಛ ಪಡೆದ ಹೆಂಗಸರೆಲ್ಲರ ಮುಖದಲ್ಲೂ ಕಣ್ಣಂಚು ಅರಳುವ ನಿಜವಾದ ನಗೆ ಕಂಡಿತು.

ಇತರ ದೇಶಗಳಲ್ಲೂ ವ್ಯಾಪಾರದ ಹೂವಿಗೆ ತನ್ನದೇ ವ್ಯಾಕರಣವಿದೆ. ಜಪಾನಿನಲ್ಲಿ ಅಂಗಡಿ ಅಥವಾ ಕಚೇರಿ ತೆರೆದಾಗ ಬಿಳಿ ಆರ್ಕಿಡ್ ಕುಂಡ ಕಳುಹಿಸುತ್ತಾರೆ. ಚೀನಾದಲ್ಲಿ ಹೊಸ ಅಂಗಡಿಯ ಬಾಗಿಲಲ್ಲಿ ಹಾರೈಕೆಯ ಹೂಬುಟ್ಟಿಗಳು ಸಾಲುಗಟ್ಟುತ್ತವೆ. ರಷ್ಯಾದಲ್ಲಿ ಸಮಸಂಖ್ಯೆಯ ಹೂಗಳು ಶವಸಂಸ್ಕಾರಕ್ಕೆ ಮೀಸಲು. ನಮ್ಮ ಮಂಗಳಕಾರ್ಯದ ಸೇವಂತಿಗೆ ಯುರೋಪಿನ ಹಲವೆಡೆ ಸಮಾಧಿಯ ಹೂ. ಹೊರದೇಶದೊಡನೆ ವ್ಯವಹರಿಸುವವರು ಇದನ್ನು ತಿಳಿದಿರಬೇಕು.

ಕಾಣಿಕೆ ಮತ್ತು ಲಂಚ

ವ್ಯಾಪಾರಿಯಿಂದ ವ್ಯಾಪಾರಿಗೆ ಹೋಗುವ ಹೂ ಸ್ನೇಹ. ಪರವಾನಗಿ ಕೊಡುವ ಅಧಿಕಾರಿಯ ಮೇಜಿಗೆ ಹೋಗುವ ಉಡುಗೊರೆಯ ಮಾತು ಬೇರೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆ ಸರ್ಕಾರಿ ಕೆಲಸಕ್ಕಾಗಿ ಅನುಚಿತ ಲಾಭ ಪಡೆಯುವುದನ್ನು ಅಪರಾಧವೆನ್ನುತ್ತದೆ. 2018ರ ತಿದ್ದುಪಡಿ ಕೊಡುವವರನ್ನೂ ನೇರವಾಗಿ ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿತು. ಒಂದು ಮೊಳ ಮಲ್ಲಿಗೆ ಯಾರನ್ನೂ ಕೊಳ್ಳಲಾರದು. ಹೂಬುಟ್ಟಿಯ ಅಡಿಯಲ್ಲಿ ಬೇರೇನಾದರೂ ಇಟ್ಟರೆ ಅದು ಹೂವಿನ ಹೆಸರು ಕೆಡಿಸುತ್ತದೆ.

2021ರ ಆಗಸ್ಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಸೂಚನೆಯಂತೆ ಕರ್ನಾಟಕ ಸರ್ಕಾರ ತನ್ನ ಕಾರ್ಯಕ್ರಮಗಳಲ್ಲಿ ಹಾರ, ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗಳನ್ನು ಕೊಡುವುದನ್ನು ನಿಲ್ಲಿಸಿ, ಬದಲಿಗೆ ಕನ್ನಡ ಪುಸ್ತಕ ಕೊಡಬಹುದೆಂದು ಸುತ್ತೋಲೆ ಹೊರಡಿಸಿತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಅವರೂ ಹೂವು, ಶಾಲುಗಳ ಬದಲು ಪುಸ್ತಕ ಕೊಡಿ ಎಂದರು. ದುಂದುವೆಚ್ಚ ತಡೆಯುವ ಉದ್ದೇಶ ಸರಿಯಾದದ್ದೇ. ಆದರೆ ಹೂ ಬೆಳೆಯುವವರಿಗೆ, ಕಟ್ಟುವವರಿಗೆ ಪ್ರತಿ ಹಾರವೂ ದಿನಗೂಲಿ. ಎರಡೂ ನ್ಯಾಯಗಳನ್ನು ಒಟ್ಟಿಗೆ ಕಾಣುವ ದಾರಿಯೆಂದರೆ ದೊಡ್ಡ ಹಾರಗಳನ್ನು ಬಿಟ್ಟು ಒಂದೊಂದು ಹೂವನ್ನು ಉಳಿಸಿಕೊಳ್ಳುವುದು.

ಇಂದಿನ ಸ್ಥಿತಿ

ಬೆಂಗಳೂರಿನ ಸುತ್ತಮುತ್ತ ಹಸಿರುಮನೆಗಳಲ್ಲಿ ಬೆಳೆದ ಗುಲಾಬಿ, ಜರ್ಬೆರಾಗಳು, ಹೆಬ್ಬಾಳದ ಪುಷ್ಪ ಹರಾಜು ಕೇಂದ್ರ, ಮನೆಬಾಗಿಲಿಗೆ ತಲುಪಿಸುವ ಆನ್‌ಲೈನ್ ಮಳಿಗೆಗಳು ಬೊಕೆಯನ್ನು ತಾಲ್ಲೂಕು ಕೇಂದ್ರಗಳಿಗೂ ತಂದಿವೆ. ಹೊನ್ನಾವರ, ಕುಮಟಾ, ಭಟ್ಕಳಗಳ ಉದ್ಘಾಟನಾ ಸಮಾರಂಭಗಳಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಗುಚ್ಛ ಈಗ ಸಾಮಾನ್ಯ. ಅಂಗಡಿ ಬಾಗಿಲಿಗೆ ಬಟ್ಟೆಯ, ಪ್ಲಾಸ್ಟಿಕ್ಕಿನ ತೋರಣಗಳೂ ಬಂದಿವೆ. ಅವು ಬಾಡುವುದಿಲ್ಲ, ಹಾಗಾಗಿ ಮರುವರ್ಷ ಯಾರನ್ನೂ ಹೂ ಕೇಳಬೇಕಾಗಿಲ್ಲ.

ಕೇಳುವುದು ನಿಂತಲ್ಲಿ ಕಳೆದುಹೋಗುವುದು ಹೂವೊಂದೇ ಅಲ್ಲ. ಅಂಗಡಿ ಪೂಜೆಗೆಂದು ಹಿತ್ತಿಲ ಮಲ್ಲಿಗೆಯನ್ನು ಮುಂಚಿತವಾಗಿ ಹೇಳಿಟ್ಟು, ಬೆಳಗ್ಗೆ ಬೆಳೆದವರ ಮನೆಗೆ ಹೋಗಿ, ಬೆಲೆ ಕೊಟ್ಟು ತರುವ ಅಂಗಡಿಕಾರನಿಗೆ ಆ ಮನೆಯವರೇ ವರ್ಷವಿಡೀ ಅಕ್ಕಿ, ಬೇಳೆ, ಸೋಪಿನ ಗಿರಾಕಿಗಳು. ಸಂಜೆ ಪೂಜೆಗೆ ಬಂದು ಆ ಮನೆಯಾಕೆ ಪಡೆಯುವ ಹೂ ಬೆಳಗ್ಗೆ ತಾನೇ ಕಟ್ಟಿಕೊಟ್ಟದ್ದು.